ರಂಗಗೀತೆ ಯಾವಾಗ ಎಲ್ಲರ ಸ್ವತ್ತಾಗುತ್ತದೆ? ಬ್ರಾಡ್‌ವೇ ಹಾಡುಗಳ ಕಾಪಿರೈಟ್ ಲೆಕ್ಕ

2026ರ ಜನವರಿ 1ರಂದು ಅಮೆರಿಕದಲ್ಲಿ ‘ಗರ್ಲ್ ಕ್ರೇಜಿ’ ಎಂಬ ಹಳೆಯ ಸಂಗೀತ ನಾಟಕದ ಹಾಡುಗಳ ಕಾಪಿರೈಟ್ ಮುಗಿಯಿತು. 1930ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ರಂಗಕ್ಕೇರಿದ ನಾಟಕ ಅದು. ಮಟ್ಟು ಹಾಕಿದವರು ಜಾರ್ಜ್ ಗರ್ಶ್ವಿನ್, ಸಾಹಿತ್ಯ ಬರೆದವರು ಅವರ ಅಣ್ಣ ಐರಾ ಗರ್ಶ್ವಿನ್. ‘ಐ ಗಾಟ್ ರಿದಮ್’, ‘ಎಂಬ್ರೇಸಬಲ್ ಯೂ’, ‘ಬಟ್ ನಾಟ್ ಫಾರ್ ಮಿ’ ಹಾಡುಗಳು ಹುಟ್ಟಿದ್ದು ಅಲ್ಲಿ. ಜಾಝ್ ಕೇಳುವವರಿಗೆ, ಪಿಯಾನೊ ಕಲಿಯುವವರಿಗೆ ಇವು ಇಂದಿಗೂ ಬಾಯಿಪಾಠ.

ಹಾಗಾದರೆ ಈಗ ಯಾರು ಬೇಕಾದರೂ ಅದನ್ನು ಹಾಡಿ ಯೂಟ್ಯೂಬಿಗೆ ಹಾಕಬಹುದೇ? ಅಮೆರಿಕದ ಕನ್ನಡ ಸಂಘವೊಂದು ತನ್ನ ವಾರ್ಷಿಕೋತ್ಸವದಲ್ಲಿ ಅದರ ಧಾಟಿಗೆ ಕನ್ನಡ ಪದ ಕೂಡಿಸಿ ಹಾಡಿಸಬಹುದೇ? ಬೆಂಗಳೂರಿನ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತವಾಗಿ ಬಳಸಬಹುದೇ? ಮೂರೂ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಯಾಕೆಂದರೆ ಕಾನೂನಿನ ಕಣ್ಣಿಗೆ ಹಾಡು ಒಂದೇ ವಸ್ತುವಲ್ಲ. ಅದು ಹಲವು ಪದರಗಳ ಗಂಟು. ಒಂದೊಂದು ಪದರಕ್ಕೂ ಬೇರೆ ಬೇರೆ ಒಡೆಯರು, ಬೇರೆ ಬೇರೆ ಗಡುವು. ದೇಶ ಬದಲಾದರೆ ಗಡುವೂ ಬದಲಾಗುತ್ತದೆ.

ಬೇಲಿ ಮತ್ತು ಗೋಮಾಳ

ಕಾಪಿರೈಟ್‌ಗೆ ಕನ್ನಡದಲ್ಲಿ ಕೃತಿಸ್ವಾಮ್ಯ, ಹಕ್ಕುಸ್ವಾಮ್ಯ ಎಂಬ ಮಾತುಗಳಿವೆ. ಒಬ್ಬರು ಹೊಸದಾಗಿ ಬರೆದ, ಮಟ್ಟು ಹಾಕಿದ, ಚಿತ್ರಿಸಿದ ಕೃತಿಯನ್ನು ನಕಲು ಮಾಡುವ, ಮಾರುವ, ಸಾರ್ವಜನಿಕವಾಗಿ ಹಾಡುವ, ಭಾಷಾಂತರಿಸುವ ಅಧಿಕಾರ ಇಷ್ಟು ವರ್ಷ ಅವರಿಗೆ ಅಥವಾ ಅವರಿಂದ ಹಕ್ಕು ಪಡೆದವರಿಗೆ ಮಾತ್ರ ಎಂದು ಕಾನೂನು ಹಾಕುವ ಬೇಲಿ ಇದು. ಈ ಬೇಲಿಗೆ ಕೊನೆಯ ದಿನಾಂಕವಿದೆ. ಆ ದಿನ ಬಂದಾಗ ಹೊಲ ಗೋಮಾಳಕ್ಕೆ ಸೇರುತ್ತದೆ. ಪಬ್ಲಿಕ್ ಡೊಮೇನ್, ಅಂದರೆ ಸಾರ್ವಜನಿಕ ಸ್ವತ್ತು ಎನ್ನುವುದು ಇದನ್ನೇ. ಯಾರ ಅನುಮತಿಯೂ ಬೇಡ, ಯಾರಿಗೂ ಹಣ ಕಟ್ಟಬೇಕಿಲ್ಲ.

ಗೋಮಾಳದಲ್ಲಿ ಎಲ್ಲರೂ ದನ ಮೇಯಿಸಬಹುದು, ಆದರೆ ಅದಕ್ಕೆ ಹೊಸದಾಗಿ ಬೇಲಿ ಹಾಕುವ ಹಾಗಿಲ್ಲ. ಸಾರ್ವಜನಿಕ ಸ್ವತ್ತಾದ ಹಾಡನ್ನು ನೀವು ಹೊಸ ವಾದ್ಯಗಳೊಂದಿಗೆ ಹಾಡಿ ಧ್ವನಿಮುದ್ರಿಸಿದರೆ ಆ ಮುದ್ರಣ ನಿಮ್ಮದು. ಹಾಡು ಮಾತ್ರ ನಿಮ್ಮದಾಗುವುದಿಲ್ಲ. ಪಕ್ಕದ ಮನೆಯವರು ಮರುದಿನವೇ ಅದೇ ಹಾಡನ್ನು ತಮ್ಮದೇ ರೀತಿಯಲ್ಲಿ ಹಾಡಬಹುದು. ಬಹಳ ಗೊಂದಲ ಹುಟ್ಟುವುದು ಈ ವ್ಯತ್ಯಾಸ ಗಮನಕ್ಕೆ ಬಾರದಿದ್ದಾಗ.

‘ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ’ ಎನ್ನುವುದಕ್ಕೂ ಸಾರ್ವಜನಿಕ ಸ್ವತ್ತಿಗೂ ಸಂಬಂಧವೇ ಇಲ್ಲ. ಹಾಡು ಎಷ್ಟು ಹಳೆಯದು, ಎಷ್ಟು ಜನಪ್ರಿಯ, ಬರೆದವರು ಬದುಕಿದ್ದಾರೋ ಇಲ್ಲವೋ ಎಂಬುದೂ ತಾನಾಗಿ ಉತ್ತರ ಕೊಡುವುದಿಲ್ಲ. ಅರ್ವಿಂಗ್ ಬರ್ಲಿನ್ 1911ರಲ್ಲಿ ಬರೆದ ‘ಅಲೆಕ್ಸಾಂಡರ್ಸ್ ರಾಗ್‌ಟೈಮ್ ಬ್ಯಾಂಡ್’ ಹಾಡಿನ ಅಮೆರಿಕದ ಕಾಪಿರೈಟ್ 1986ರ ಕೊನೆಗೆ ಮುಗಿಯಿತು. ಆಗ ಬರ್ಲಿನ್ ಇನ್ನೂ ಬದುಕಿದ್ದರು. 101ನೇ ವಯಸ್ಸಿನಲ್ಲಿ ಅವರು ತೀರಿಕೊಂಡದ್ದು 1989ರಲ್ಲಿ.

ಒಂದು ಹಾಡಿನೊಳಗೆ ಎಷ್ಟು ಪದರ

ನಮಗೆ ಪರಿಚಿತವಾದ ದಾಸರ ಪದದಿಂದ ಶುರು ಮಾಡೋಣ. ಪುರಂದರದಾಸರ ಸಾಹಿತ್ಯ ಸುಮಾರು ಐದು ಶತಮಾನ ಹಳೆಯದು, ಅದು ಎಲ್ಲರದು. ಅದೇ ಪದಕ್ಕೆ ಇಪ್ಪತ್ತನೇ ಶತಮಾನದ ಸಂಗೀತಗಾರರೊಬ್ಬರು ಹೊಸ ಧಾಟಿ ಕೂಡಿಸಿದ್ದರೆ ಆ ಧಾಟಿ ಅವರದು. ಆ ಧಾಟಿಯಲ್ಲಿ ಗಾಯಕರೊಬ್ಬರು ಹಾಡಿ, ಕಂಪನಿಯೊಂದು ಕ್ಯಾಸೆಟ್ ತಂದಿದ್ದರೆ ಆ ಧ್ವನಿಮುದ್ರಣ ಕಂಪನಿಯದು. ‘ದಾಸರ ಪದ ತಾನೇ’ ಎಂದು ಆ ಕ್ಯಾಸೆಟ್ಟಿನ ಹಾಡನ್ನೇ ವಿಡಿಯೊಗೆ ಜೋಡಿಸಿದರೆ ದೂರು ಬರುವುದು ಸಹಜ.

ಬ್ರಾಡ್‌ವೇ ರಂಗಗೀತೆಯಲ್ಲಿ ಪದರಗಳು ಇನ್ನೂ ಹೆಚ್ಚು. ಮೊದಲು ಮಟ್ಟು, ಬಳಿಕ ಸಾಹಿತ್ಯ. ಹಾಡು ಬರುವ ನಾಟಕದ ಸಂಭಾಷಣೆ ಇನ್ನೊಂದು ಕೃತಿ. ನಾಟಕಕ್ಕೆ ಆಧಾರವಾದ ಕಾದಂಬರಿಯಿದ್ದರೆ ಅದು ಮತ್ತೊಂದು. ಪಿಯಾನೊಗೆ ಬರೆದ ಮಟ್ಟನ್ನು ಪಿಟೀಲು, ಕಹಳೆ, ಡ್ರಮ್‌ಗಳ ಮೇಳಕ್ಕೆ ಹಂಚಿ ಬರೆಯುವ ಕೆಲಸವನ್ನು ಆರ್ಕೆಸ್ಟ್ರೇಶನ್ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ ಬೇರೆಯೇ ಪರಿಣತರು ಮಾಡುತ್ತಾರೆ, ಅದಕ್ಕೂ ಹಕ್ಕು ಇರುತ್ತದೆ. ಆಮೇಲೆ ಬಂದ ಹೊಸ ಸಂಯೋಜನೆ (ಅರೇಂಜ್‌ಮೆಂಟ್), ಸಿನಿಮಾ ರೂಪ, ಅನುವಾದ, ಒಂದೊಂದು ಗಾಯಕರ ಒಂದೊಂದು ಮುದ್ರಣ ಎಲ್ಲವೂ ಪ್ರತ್ಯೇಕ ಪದರ.

ಹಕ್ಕಿಗೇ ಒಳಪಡದ ಸಂಗತಿಗಳೂ ಇವೆ. ಹಾಡಿನ ಶೀರ್ಷಿಕೆ, ಕಥೆಯ ಹೊಳಹು, ಸಾಮಾನ್ಯವಾದ ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಅನುಕ್ರಮ ಇವಕ್ಕೆ ಕಾಪಿರೈಟ್ ಇಲ್ಲ. ‘ಐ ಗಾಟ್ ರಿದಮ್’ ಹಾಡಿನ ಸ್ವರಮೇಳಗಳ ಅನುಕ್ರಮವನ್ನು ಜಾಝ್ ಕಲಾವಿದರು ‘ರಿದಮ್ ಚೇಂಜಸ್’ ಎಂದು ಕರೆದು, ಅದರ ಮೇಲೆ ಹೊಸ ಮಟ್ಟುಗಳನ್ನು ಕಟ್ಟುತ್ತ ಬಂದಿದ್ದಾರೆ. ಗರ್ಶ್ವಿನ್ ಹಾಡಿಗೆ ಕಾಪಿರೈಟ್ ಇದ್ದ ಕಾಲದಲ್ಲೂ ಇದಕ್ಕೆ ಅಡ್ಡಿಯಿರಲಿಲ್ಲ. ಬೇಲಿ ಇದ್ದದ್ದು ಮಟ್ಟಿಗೆ ಮತ್ತು ಪದಗಳಿಗೆ.

95 ವರ್ಷ ಎಲ್ಲಿಂದ ಬಂತು

ಅಮೆರಿಕದ ಮೊದಲ ಕಾಪಿರೈಟ್ ಕಾಯ್ದೆ 1790ರದು. 14 ವರ್ಷ, ಲೇಖಕರು ಬದುಕಿದ್ದರೆ ಇನ್ನೂ 14. 1909ರ ಕಾಯ್ದೆ ಅದನ್ನು 28 ಮತ್ತು 28 ಮಾಡಿತು. ಅಂದರೆ ಮೊದಲ 28 ವರ್ಷ, ಕೊನೆಯ ವರ್ಷದಲ್ಲಿ ಅರ್ಜಿ ಹಾಕಿ ನವೀಕರಿಸಿದರೆ ಮತ್ತೆ 28. ಬ್ರಾಡ್‌ವೇಯ ಹೆಸರಾಂತ ಹಾಡುಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಕಾಯ್ದೆಯ ನೆರಳಿನಲ್ಲಿ. 1978ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಹಳೆಯ ಕೃತಿಗಳ ಒಟ್ಟು ಅವಧಿಯನ್ನು 75 ವರ್ಷಕ್ಕೆ ಏರಿಸಿತು. 1998ರಲ್ಲಿ ಮತ್ತೊಂದು ತಿದ್ದುಪಡಿ ಬಂದು 75 ಇದ್ದದ್ದು 95 ಆಯಿತು.

ಆ 20 ವರ್ಷದ ಏರಿಕೆಯ ಪರಿಣಾಮ ವಿಚಿತ್ರವಾಗಿತ್ತು. 1922ರವರೆಗಿನ ಕೃತಿಗಳು ಅಷ್ಟರೊಳಗೆ ಮುಕ್ತವಾಗಿದ್ದವು. 1923ರ ಕೃತಿಗಳು ಇನ್ನೇನು ಹೊರಬರಬೇಕು ಎನ್ನುವಾಗ ಬಾಗಿಲು ಮುಚ್ಚಿತು. 1999ರಿಂದ 2018ರವರೆಗೆ, ಅವಧಿ ಮುಗಿದು ಹೊರಬರುವ ಪ್ರಕಟಿತ ಕೃತಿಗಳ ಸಾಲು ನಿಂತೇ ಹೋಯಿತು. 2019ರ ಜನವರಿ 1ರಂದು 1923ರ ಕೃತಿಗಳು ಬಂದವು. ಅಂದಿನಿಂದ ಪ್ರತಿ ಹೊಸ ವರ್ಷದ ದಿನ ಒಂದೊಂದು ವರ್ಷದ ಕೃತಿಗಳು ಸೇರುತ್ತಿವೆ.

ಲೆಕ್ಕ ಸುಲಭ. ಪ್ರಕಟವಾದ ವರ್ಷಕ್ಕೆ 96 ಕೂಡಿಸಿ. ಬರುವ ಇಸವಿಯ ಜನವರಿ 1 ಬಿಡುಗಡೆಯ ದಿನ. 1930ಕ್ಕೆ 96 ಸೇರಿಸಿದರೆ 2026. 95ರ ಬದಲು 96 ಯಾಕೆಂದರೆ ಅವಧಿ ಆ ವರ್ಷದ ಡಿಸೆಂಬರ್ 31ರವರೆಗೆ ಓಡುತ್ತದೆ. ಹಾಡು ಮಾರ್ಚಿನಲ್ಲಿ ಬಂದಿತ್ತೋ ನವೆಂಬರಿನಲ್ಲೋ ಎಂಬ ತಲೆನೋವು ಇಲ್ಲ.

1931ರಿಂದ 1963ರ ನಡುವಿನ ಅಮೆರಿಕದ ಕೃತಿಗಳಲ್ಲಿ ಒಂದು ಕಿರುದಾರಿ ಇದೆ. 28ನೇ ವರ್ಷದಲ್ಲಿ ನವೀಕರಣ ಮಾಡಿಸದಿದ್ದರೆ ಆ ಕೃತಿ ಆಗಲೇ ಸಾರ್ವಜನಿಕವಾಗಿರುತ್ತದೆ. ಆದರೆ ಹೆಸರು ಮಾಡಿದ ರಂಗಗೀತೆಗಳ ವಿಷಯದಲ್ಲಿ ಇದನ್ನು ನಂಬಿ ಕೂರಬೇಡಿ. ದುಡ್ಡು ತರುವ ಹಾಡನ್ನು ನವೀಕರಿಸಲು ಪ್ರಕಾಶಕರು ಮರೆಯುತ್ತಿರಲಿಲ್ಲ. ಈ ದಾರಿಯಲ್ಲಿ ಸಿಗುವುದು ಹೆಚ್ಚಾಗಿ ಜನ ಮರೆತ ನಾಟಕಗಳ ಹಾಡುಗಳು.

1978ರ ನಂತರ ಬರೆದ ನಾಟಕಗಳಿಗೆ ಲೆಕ್ಕವೇ ಬೇರೆ, ಕರ್ತೃ ತೀರಿಕೊಂಡು 70 ವರ್ಷ. ಅವು ಮುಕ್ತವಾಗುವುದು ಇನ್ನೂ ದೂರದ ಮಾತು.

‘ಷೋ ಬೋಟ್’: ಒಂದೇ ನಾಟಕ, ಹಲವು ಗಡುವು

ಪದರಗಳು ಹೇಗೆ ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತವೆ ಎಂದು ನೋಡಲು ‘ಷೋ ಬೋಟ್’ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎಡ್ನಾ ಫರ್ಬರ್ ಅವರ 1926ರ ಕಾದಂಬರಿ ಇದಕ್ಕೆ ಆಧಾರ. ಸಂಗೀತ ಜೆರೋಮ್ ಕರ್ನ್ ಅವರದು, ನಾಟಕ ಮತ್ತು ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. 1927ರ ಡಿಸೆಂಬರ್ 27ರಂದು ನ್ಯೂಯಾರ್ಕಿನ ಜೀಗ್‌ಫೆಲ್ಡ್ ಥಿಯೇಟರ್‌ನಲ್ಲಿ ತೆರೆ ಏಳುವ ಮುನ್ನ ನಾಟಕ ವಾಷಿಂಗ್ಟನ್ ಮುಂತಾದ ಊರುಗಳಲ್ಲಿ ಪ್ರಯೋಗ ಕಂಡಿತ್ತು. ಮಿಸಿಸಿಪ್ಪಿ ನದಿಯ ದಡದಲ್ಲಿ ಹೊರೆ ಹೊರುವ ಕರಿಯ ಕೂಲಿಯೊಬ್ಬ ಹಾಡುವ ‘ಓಲ್ ಮ್ಯಾನ್ ರಿವರ್’ ಈ ನಾಟಕದ್ದು.

ಇಲ್ಲೊಂದು ಸೂಕ್ಷ್ಮವಿದೆ. 1909ರ ಕಾಯ್ದೆಯಲ್ಲಿ ರಂಗದ ಮೇಲೆ ಹಾಡುವುದು ‘ಪ್ರಕಟಣೆ’ ಆಗುತ್ತಿರಲಿಲ್ಲ. ಅಚ್ಚಾದ ಸ್ವರಲಿಪಿ, ಅಂದರೆ ಷೀಟ್ ಮ್ಯೂಸಿಕ್, ಅಂಗಡಿಗೆ ಬಂದಾಗ ಪ್ರಕಟಣೆ ಆದಂತೆ. ಹಾಗಾಗಿ ನಾಟಕದ ಮೊದಲ ಪ್ರದರ್ಶನದ ದಿನ ನೋಡಿದರೆ ಸಾಲದು, ಸ್ವರಲಿಪಿಯ ವರ್ಷ ನೋಡಬೇಕು. ‘ಓಲ್ ಮ್ಯಾನ್ ರಿವರ್’ 1927ರಲ್ಲೇ ಅಚ್ಚಾಗಿತ್ತು. 1927ಕ್ಕೆ 96 ಸೇರಿಸಿ, 2023. ಅಂದು ಅದು ಅಮೆರಿಕದಲ್ಲಿ ಎಲ್ಲರ ಹಾಡಾಯಿತು. ಕಾದಂಬರಿ ಅದಕ್ಕೂ ಒಂದು ವರ್ಷ ಮೊದಲೇ, 2022ರಲ್ಲಿ ಹೊರಬಂದಿತ್ತು.

ಆದರೆ ‘ಷೋ ಬೋಟ್’ ಎಂಬ ಹೆಸರಿನಡಿ ಇರುವುದೆಲ್ಲ ಮುಕ್ತವಾಯಿತು ಎಂದಲ್ಲ. 1936ರ ಸಿನಿಮಾಕ್ಕಾಗಿ ಕರ್ನ್ ಮತ್ತು ಹ್ಯಾಮರ್‌ಸ್ಟೈನ್ ‘ಐ ಹ್ಯಾವ್ ದ ರೂಮ್ ಅಬವ್ ಹರ್’ ಎಂಬ ಹೊಸ ಹಾಡು ಬರೆದರು. ಅದರ ಗಡುವು 2032. 1946ರಲ್ಲಿ ನಾಟಕ ಮತ್ತೆ ರಂಗಕ್ಕೆ ಬಂದಾಗ ‘ನೋಬಡಿ ಎಲ್ಸ್ ಬಟ್ ಮಿ’ ಸೇರಿತು. ಅದಕ್ಕೆ 2042ರವರೆಗೆ ಕಾಯಬೇಕು. ಇಂದು ನಾಟಕ ಆಡಿಸಲು ಹೊರಟ ತಂಡ 1946ರ ಪರಿಷ್ಕೃತ ಪ್ರತಿಯನ್ನು ಕೈಗೆತ್ತಿಕೊಂಡರೆ ಪರವಾನಗಿ ಬೇಕು. 1927ರ ಪಠ್ಯವನ್ನೇ ಹಿಡಿದರೆ ಬೇಡ. ಎರಡೂ ಪ್ರತಿಯ ಮುಖಪುಟದ ಮೇಲೆ ಇರುವ ಹೆಸರು ಒಂದೇ. ತಪ್ಪುವುದು ಅಲ್ಲಿಯೇ.

1927ರ ಪಠ್ಯಕ್ಕೆ ಹೋಗುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ. ಅಂದಿನ ಸಾಹಿತ್ಯದಲ್ಲಿ ಕರಿಯರನ್ನು ಹೀನಾಯವಾಗಿ ಕರೆಯುವ ಪದವಿತ್ತು. ಮುಂದಿನ ಪ್ರದರ್ಶನಗಳಲ್ಲಿ, ಸಿನಿಮಾಗಳಲ್ಲಿ ಅದನ್ನು ಹಂತಹಂತವಾಗಿ ಬದಲಿಸಿದರು. ಈ ಹಾಡಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ಅಮೆರಿಕದ ಕರಿಯ ಗಾಯಕ ಪಾಲ್ ರೋಬ್ಸನ್ ತಮ್ಮ ಕಛೇರಿಗಳಲ್ಲಿ ಸಾಲುಗಳನ್ನೇ ತಿದ್ದಿ, ಸೋತವನ ಹಾಡನ್ನು ಹೋರಾಡುವವನ ಹಾಡಾಗಿಸಿದರು. ಮುಕ್ತವಾಗಿರುವುದು 1927ರ ಪಠ್ಯ. ನಂತರದ ಸಾಲುಗಳನ್ನು ಬಳಸುವ ಮೊದಲು ಅವು ಯಾವ ವರ್ಷದವು ಎಂದು ನೋಡಬೇಕು. ಒಂದು ಪದವನ್ನು ನೀವೇ ಬದಲಿಸಿ ಹಾಡುವುದಕ್ಕೆ ಯಾರೂ ತಡೆ ಒಡ್ಡಲಾರರು. ಸಾರ್ವಜನಿಕ ಸ್ವತ್ತು ಕೊಡುವ ದೊಡ್ಡ ಸ್ವಾತಂತ್ರ್ಯ ಅದೇ.

ಭಾರತದ ಕಿವಿಗೂ ಈ ನದಿಯ ಹಾಡು ಹೊಸದಲ್ಲ. ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ರೋಬ್ಸನ್ ಅವರ ಒಡನಾಟ ಪಡೆದ ಭೂಪೇನ್ ಹಜಾರಿಕಾ, ಇದರ ಪ್ರೇರಣೆಯಿಂದ ಅಸ್ಸಾಮಿಯಲ್ಲಿ ‘ಬಿಸ್ತೀರ್ಣ ಪಾರೋರೆ’ ಕಟ್ಟಿದರು. ಹಿಂದಿಯಲ್ಲಿ ಗಂಗೆಯನ್ನು ಪ್ರಶ್ನಿಸುವ ಹಾಡಾಗಿ ಅದು ನಮಗೆ ಪರಿಚಿತ. ಅಮೆರಿಕದ ಮೂಲ ಮುಕ್ತವಾಯಿತು ಎಂದು ಹಜಾರಿಕಾ ಅವರ ಹಾಡು ಮುಕ್ತವಾಗುವುದಿಲ್ಲ. ಅವರು ತೀರಿಕೊಂಡದ್ದು 2011ರಲ್ಲಿ, ಅವರ ರಚನೆಗೆ ಅದರದೇ ಲೆಕ್ಕ.

ಪ್ಲೇಟಿನ ಗಡಿಯಾರ ಬೇರೆ

ಹಾಡು ಮುಕ್ತವಾದ ಮಾತ್ರಕ್ಕೆ ಅದರ ಹಳೆಯ ಗ್ರಾಮಫೋನ್ ಪ್ಲೇಟು ಮುಕ್ತವಾಗುವುದಿಲ್ಲ. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕೆ ಮುಂಚಿನ ಧ್ವನಿಮುದ್ರಣಗಳು ಬಹಳ ಕಾಲ ಒಕ್ಕೂಟ ಕಾಯ್ದೆಯ ಹೊರಗೇ ಇದ್ದವು. 2018ರ ಮ್ಯೂಸಿಕ್ ಮಾಡರ್ನೈಸೇಶನ್ ಕಾಯ್ದೆ ಅವಕ್ಕೆ ಗಡುವು ನಿಗದಿ ಮಾಡಿತು. 1923ಕ್ಕಿಂತ ಮುಂಚಿನ ಮುದ್ರಣಗಳೆಲ್ಲ 2022ರ ಜನವರಿ 1ಕ್ಕೆ ಹೊರಬಂದವು. 1923ರಿಂದ 1946ರವರೆಗಿನವಕ್ಕೆ ಪ್ರಕಟಣೆಯಿಂದ 100 ವರ್ಷ. 1947ರಿಂದ 1956ರವರೆಗಿನವಕ್ಕೆ 110 ವರ್ಷ. ಅದರ ನಂತರದ, 1972ರ ಫೆಬ್ರವರಿವರೆಗಿನ ಎಲ್ಲವೂ 2067ರ ಫೆಬ್ರವರಿ 15ರವರೆಗೆ ಬೇಲಿಯೊಳಗೆ.

ರೋಬ್ಸನ್ 1928ರಲ್ಲಿ ಪಾಲ್ ವೈಟ್‌ಮನ್ ವಾದ್ಯವೃಂದದೊಂದಿಗೆ ‘ಓಲ್ ಮ್ಯಾನ್ ರಿವರ್’ ಮುದ್ರಿಸಿದರು. ಹಾಡು 2023ರಿಂದ ಮುಕ್ತ, ಆ ಪ್ಲೇಟು ಅಮೆರಿಕದಲ್ಲಿ ಮುಕ್ತವಾಗುವುದು 2029ರಲ್ಲಿ. 1930ರಲ್ಲಿ ಹೊರಬಂದ ‘ಐ ಗಾಟ್ ರಿದಮ್’ ಮುದ್ರಣಗಳಿಗೂ 2031ರವರೆಗೆ ತಾಳ್ಮೆ ಬೇಕು. ಕಿರುಚಿತ್ರದವರು ಎಡವುವುದು ಇಲ್ಲೇ. ‘1930ರ ಹಾಡು, ಮುಕ್ತ’ ಎಂದು ಖಚಿತ ಮಾಡಿಕೊಂಡು, 1960ರ ದಶಕದ ಯಾವುದೋ ಗಾಯಕರ ಇಂಪಾದ ಮುದ್ರಣವನ್ನು ಚಿತ್ರಕ್ಕೆ ಕೂಡಿಸುತ್ತಾರೆ. ಸುರಕ್ಷಿತ ಮಾರ್ಗ ಒಂದೇ. ಮೂಲ ಸ್ವರಲಿಪಿ ತೆಗೆದುಕೊಂಡು ನೀವೇ ಹಾಡಿಸಿ, ನುಡಿಸಿ ಮುದ್ರಿಸುವುದು. ಕರೋಕೆ ಟ್ರ್ಯಾಕ್ ಕೂಡ ಧ್ವನಿಮುದ್ರಣವೇ. ಹಾಡು ಎಷ್ಟೇ ಹಳೆಯದಾದರೂ ಟ್ರ್ಯಾಕ್ ಮಾಡಿದವರ ಹಕ್ಕು ಅದರ ಮೇಲಿರುತ್ತದೆ.

ಭಾರತದ ಲೆಕ್ಕ: ಪ್ರಕಟಣೆಯಲ್ಲ, ಕರ್ತೃವಿನ ಮರಣ

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯ, ಸಂಗೀತ, ನಾಟಕಗಳಿಗೆ ಪ್ರಕಟಣೆಯ ವರ್ಷವನ್ನು ನೋಡುವುದಿಲ್ಲ. ಕರ್ತೃ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಎಣಿಸುತ್ತದೆ. ಮೊದಲು ಇದು 50 ಇತ್ತು. ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವ ಹೊತ್ತಿಗೆ 60ಕ್ಕೆ ಏರಿಸಲಾಯಿತು. ಧ್ವನಿಮುದ್ರಣಕ್ಕೂ ಸಿನಿಮಾಕ್ಕೂ ಪ್ರಕಟಣೆಯಿಂದ 60 ವರ್ಷ.

ಮತ್ತೊಂದು ವಿಶೇಷವೆಂದರೆ, ಭಾರತದ ಕಾಯ್ದೆಯಲ್ಲಿ ‘ಸಂಗೀತ ಕೃತಿ’ ಎಂದರೆ ಮಟ್ಟು ಮಾತ್ರ. ಪದಗಳು ಅದರಲ್ಲಿ ಸೇರುವುದಿಲ್ಲ. ಪದಗಳು ಸಾಹಿತ್ಯ ಕೃತಿ. ಹೀಗಾಗಿ ಒಂದೇ ಹಾಡಿನ ಮಟ್ಟಿಗೂ ಸಾಹಿತ್ಯಕ್ಕೂ ಬೇರೆ ಬೇರೆ ಗಡುವು ಬರುತ್ತದೆ.

ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹಾಡುವ ‘ಡೊ ರೆ ಮಿ’ಯನ್ನೇ ನೋಡಿ. 1959ರ ‘ದ ಸೌಂಡ್ ಆಫ್ ಮ್ಯೂಸಿಕ್’ ನಾಟಕದ ಹಾಡು. ಸಾಹಿತ್ಯ ಬರೆದ ಹ್ಯಾಮರ್‌ಸ್ಟೈನ್ 1960ರಲ್ಲಿ ತೀರಿಕೊಂಡರು, ಆದ್ದರಿಂದ ಭಾರತದಲ್ಲಿ ಪದಗಳು 2021ರ ಜನವರಿ 1ರಿಂದ ಮುಕ್ತ. ಮಟ್ಟು ಹಾಕಿದ ರಿಚರ್ಡ್ ರಾಜರ್ಸ್ ತೀರಿಕೊಂಡದ್ದು 1979ರ ಡಿಸೆಂಬರ್ 30ರಂದು. ಮಟ್ಟಿಗೆ 2039ರ ಕೊನೆಯವರೆಗೆ ರಕ್ಷಣೆ. ಎರಡು ದಿನ ಹೆಚ್ಚು ಬದುಕಿದ್ದರೆ ಗಡುವು ಒಂದಿಡೀ ವರ್ಷ ಮುಂದೆ ಹೋಗುತ್ತಿತ್ತು. ಕನ್ನಡದಲ್ಲಿ ‘ನಾಯಿಮರಿ ನಾಯಿಮರಿ’ ಬರೆದ ಜಿ.ಪಿ. ರಾಜರತ್ನಂ ತೀರಿಕೊಂಡದ್ದೂ 1979ರಲ್ಲಿಯೇ. ಅವರ ಪದ್ಯಗಳೂ ರಾಜರ್ಸ್‌ರ ಮಟ್ಟುಗಳೂ ಭಾರತದಲ್ಲಿ ಒಂದೇ ದಿನ, 2040ರ ಜನವರಿ 1ರಂದು, ಎಲ್ಲರದಾಗಲಿವೆ.

ಅಂದರೆ ‘ಡೊ ರೆ ಮಿ’ಯ ಪದಗಳನ್ನು ಇಂದು ಕನ್ನಡಕ್ಕೆ ಅನುವಾದಿಸಿ ಇಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಬಹುದು. ಆ ಅನುವಾದವನ್ನು ಅದೇ ಮಟ್ಟಿನಲ್ಲಿ ಹಾಡಿಸಿ ಮಾರಲು ಅನುಮತಿ ಬೇಕು. ಶಾಲೆಯವರು ಹೆದರಬೇಕಿಲ್ಲ. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಶಿಕ್ಷಕರು, ಮಕ್ಕಳು ಹಾಡುವುದಕ್ಕೆ, ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ಪ್ರದರ್ಶನ ಕೊಡುವುದಕ್ಕೆ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿ ಸಭಾಂಗಣದೊಳಗಿನ ಹಾಡಿಕೆಗೆ. ಅದರ ವಿಡಿಯೊವನ್ನು ಜಗತ್ತಿಗೆಲ್ಲ ಹರಿಬಿಟ್ಟರೆ ವಿನಾಯಿತಿ ಹಿಂದೆಯೇ ಬರುತ್ತದೆ ಎಂದು ಎಣಿಸುವಂತಿಲ್ಲ.

ಬ್ರಾಡ್‌ವೇಯ ಇನ್ನೊಬ್ಬ ಹಾಡುಗಾರಿಕೆಯ ರಚನಕಾರ ಕೋಲ್ ಪೋರ್ಟರ್ ವಿಷಯ ಇನ್ನೂ ಸ್ವಾರಸ್ಯಕರ. ಮಟ್ಟು, ಸಾಹಿತ್ಯ ಎರಡನ್ನೂ ಅವರೇ ಬರೆಯುತ್ತಿದ್ದರು. 1964ರಲ್ಲಿ ತೀರಿಕೊಂಡರು. ಹಾಗಾಗಿ 2025ರ ಜನವರಿ 1ರಿಂದ ಭಾರತದಲ್ಲಿ ಅವರೊಬ್ಬರೇ ರಚಿಸಿದ ಹಾಡುಗಳೆಲ್ಲ ಮುಕ್ತ. 1932ರ ‘ನೈಟ್ ಅಂಡ್ ಡೇ’, 1934ರ ‘ಎನಿಥಿಂಗ್ ಗೋಸ್’ ಹಾಡುಗಳು, 1948ರ ‘ಕಿಸ್ ಮಿ ಕೇಟ್’ ಹಾಡುಗಳು ಸಹ. ಅಮೆರಿಕದಲ್ಲಿ ಇವೇ ಹಾಡುಗಳಿಗೆ ಅನುಕ್ರಮವಾಗಿ 2028, 2030, 2044ರವರೆಗೆ ಕಾಯಬೇಕು. ಮೈಸೂರಿನ ವೇದಿಕೆಯಲ್ಲಿ ಟಿಕೆಟ್ ಇಟ್ಟು ಇವನ್ನು ಹಾಡಬಹುದು. ನ್ಯೂಜೆರ್ಸಿಯ ವೇದಿಕೆಯಲ್ಲಿ ಅನುಮತಿ ಇಲ್ಲದೆ ಹಾಡುವಂತಿಲ್ಲ. ಒಂದು ದೇಶದಲ್ಲಿ ಮುಕ್ತವಾದದ್ದು ಇನ್ನೊಂದರಲ್ಲೂ ಮುಕ್ತ ಎಂದು ಅಮೆರಿಕದ ಕಾನೂನು ಒಪ್ಪುವುದಿಲ್ಲ.

ತಿರುಗುಮುರುಗಾಗಿ ಕೇಳೋಣ. ಅಮೆರಿಕದಲ್ಲಿ ಮುಕ್ತವಾದ ‘ಐ ಗಾಟ್ ರಿದಮ್’ ಇಲ್ಲಿ ಮುಕ್ತವೇ? ಜಾರ್ಜ್ 1937ರಲ್ಲೇ ತೀರಿಕೊಂಡದ್ದರಿಂದ ಮಟ್ಟಿನ ಬಗ್ಗೆ ಅನುಮಾನವಿಲ್ಲ. ಐರಾ ಬದುಕಿದ್ದದ್ದು 1983ರವರೆಗೆ. 60 ವರ್ಷದ ಲೆಕ್ಕ ಹಿಡಿದರೆ ಪದಗಳ ಗಡುವು 2043ರ ಕೊನೆ. ಆದರೆ ವಿದೇಶಿ ಕೃತಿಗಳಿಗೆ ಇಲ್ಲಿ ರಕ್ಷಣೆ ಸಿಗುವುದು 40ನೇ ಕಲಮಿನಡಿ ಸರ್ಕಾರ ಹೊರಡಿಸುವ ಅಂತರರಾಷ್ಟ್ರೀಯ ಕೃತಿಸ್ವಾಮ್ಯ ಆದೇಶದ ಮೂಲಕ. ತವರು ದೇಶದಲ್ಲಿರುವ ಅವಧಿಗಿಂತ ಹೆಚ್ಚು ಇಲ್ಲಿ ಸಿಗದಂತೆ ಮಿತಿ ಹಾಕಲು ಆ ಕಲಮಿನಲ್ಲೇ ಅವಕಾಶವಿದೆ. ವಾದ್ಯರೂಪಕ್ಕೆ ಯೋಚನೆಯೇ ಬೇಡ. ಪದಗಳೊಂದಿಗೆ ವಾಣಿಜ್ಯ ಬಳಕೆ ಮಾಡುವವರು 1999ರ ಆದೇಶದ ಪಠ್ಯವನ್ನು ವಕೀಲರ ಮುಂದಿಟ್ಟು ಖಚಿತ ಮಾಡಿಕೊಳ್ಳುವುದು ಸೂಕ್ತ.

ಅನುವಾದವೂ ಒಂದು ಕೃತಿ

ಜರ್ಮನ್ ನಾಟಕಕಾರ ಬ್ರೆಕ್ಟ್ ಕನ್ನಡ ರಂಗಭೂಮಿಗೆ ಅಪರಿಚಿತರಲ್ಲ. ಅವರ ‘ತ್ರೀಪೆನ್ನಿ ಆಪೆರಾ’ 1928ರಲ್ಲಿ ಬರ್ಲಿನ್‌ನಲ್ಲಿ ಮೊದಲು ಆಡಿದ್ದು. ಸಂಗೀತ ಕರ್ಟ್ ವೈಲ್ ಅವರದು. ಅದರ ಒಂದು ಹಾಡು ಇಂಗ್ಲಿಷಿನಲ್ಲಿ ‘ಮ್ಯಾಕ್ ದ ನೈಫ್’ ಆಗಿ ಮನೆಮಾತಾಯಿತು. ಜರ್ಮನ್ ಮೂಲ 2024ರಿಂದ ಅಮೆರಿಕದಲ್ಲಿ ಮುಕ್ತ. ಆದರೆ ಜನರ ನಾಲಿಗೆಯ ಮೇಲಿರುವ ಇಂಗ್ಲಿಷ್ ಪದಗಳು ಮಾರ್ಕ್ ಬ್ಲಿಟ್ಸ್‌ಸ್ಟೈನ್ ಅವರ 1950ರ ದಶಕದ ಅನುವಾದ, ಅದು ಅಲ್ಲಿ ಇನ್ನೂ ಕಾಪಿರೈಟ್‌ನಲ್ಲಿದೆ. ಕನ್ನಡಕ್ಕೆ ತರುವವರು ಇಂಗ್ಲಿಷ್ ಅನುವಾದವನ್ನು ಎದುರಿಗಿಟ್ಟುಕೊಂಡು ಬರೆದರೆ ಆ ಅನುವಾದಕರ ಹಕ್ಕಿನ ಪ್ರಶ್ನೆ ಏಳಬಹುದು. ಜರ್ಮನ್ ಮೂಲದಿಂದ ತಂದರೆ ಏಳುವುದಿಲ್ಲ. ಯಾವ ಪ್ರತಿಯಿಂದ ಅನುವಾದಿಸಿದಿರಿ ಎಂಬ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಡುವ ಮುನ್ನ ಹುಡುಕುವ ಕ್ರಮ

ಮೊದಲು ಮೂಲ ಸ್ವರಲಿಪಿಯ ಚಿತ್ರವನ್ನು ಹುಡುಕಿ. ಅಮೆರಿಕದ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು ಸಾವಿರಾರು ಹಳೆಯ ಹಾಡುಗಳನ್ನು ಸ್ಕ್ಯಾನ್ ಮಾಡಿ ಇಟ್ಟಿವೆ. ಹಾಡಿನ ಮೊದಲ ಪುಟದ ಕೆಳ ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ಕಾಪಿರೈಟ್ ಸಾಲು ಇರುತ್ತದೆ. ವರ್ಷ, ಪ್ರಕಾಶಕರ ಹೆಸರು. ವರ್ಷವನ್ನು ರೋಮನ್ ಅಂಕಿಯಲ್ಲಿ ಹಾಕುವ ರೂಢಿಯಿತ್ತು. ಎಂ ಅಂದರೆ 1000, ಸಿ ಮತ್ತು ಎಂ ಜೊತೆಯಾಗಿ 900, ಒಂದೊಂದು ಎಕ್ಸ್ 10, ವಿ ಅಂದರೆ 5, ಒಂದೊಂದು ಐ 1. ‘ಎಂ ಸಿಎಂ ಎಕ್ಸ್ ಎಕ್ಸ್ ವಿ ಐ ಐ’ ಎಂದು ಕಂಡರೆ 1927. ಎಕ್ಸ್‌ಗಳನ್ನು ಎಣಿಸುವಾಗ ಎಚ್ಚರ. ಎರಡಿದ್ದರೆ ಇಪ್ಪತ್ತರ ದಶಕ, ಮೂರಿದ್ದರೆ ಮೂವತ್ತರ ದಶಕ. ಒಂದು ಎಕ್ಸ್ ತಪ್ಪಿದರೆ ಹತ್ತು ವರ್ಷ ತಪ್ಪುತ್ತದೆ.

ಒಂದಕ್ಕಿಂತ ಹೆಚ್ಚು ವರ್ಷ ಕಂಡರೆ ನಿಲ್ಲಿ. ಮೊದಲ ವರ್ಷ ಮೂಲ ಹಾಡಿನದು, ನಂತರದ್ದು ನವೀಕರಣದ್ದೋ ಹೊಸ ಸಂಯೋಜನೆಯದ್ದೋ ಆಗಿರಬಹುದು. ಇಂದು ಅಂಗಡಿಯಲ್ಲಿ ಸಿಗುವ ‘ಸುಲಭ ಪಿಯಾನೊ’ ಪುಸ್ತಕಗಳಲ್ಲಿ ಇರುವುದು ಇತ್ತೀಚೆಗೆ ಬರೆದ ಸಂಯೋಜನೆ. ಅದನ್ನು ಜೆರಾಕ್ಸ್ ಮಾಡಿ ಹಂಚಿದರೆ ಮೂಲ ಹಾಡು ಮುಕ್ತವಾಗಿದ್ದರೂ ತಪ್ಪಾಗುತ್ತದೆ.

ನಂತರ ಮಟ್ಟು ಹಾಕಿದವರು, ಸಾಹಿತ್ಯ ಬರೆದವರು ಯಾರು, ಯಾವಾಗ ತೀರಿಕೊಂಡರು ಎಂದು ಬರೆದಿಡಿ. ಭಾರತದ ಲೆಕ್ಕಕ್ಕೆ ಇದು ಬೇಕು. ಹಾಡಿಗೆ ಇಬ್ಬರು ಸಾಹಿತ್ಯಕಾರರಿದ್ದು ಪದಗಳನ್ನು ಬೇರ್ಪಡಿಸಲು ಆಗದಿದ್ದರೆ ಕೊನೆಗೆ ತೀರಿಕೊಂಡವರಿಂದ ಎಣಿಸಬೇಕು. 1931ರ ನಂತರದ, ಅಷ್ಟು ಹೆಸರು ಮಾಡದ ಹಾಡಾದರೆ ನವೀಕರಣದ ದಾಖಲೆ ನೋಡಿ. 1951ರಿಂದೀಚೆಗಿನ ಹಾಡುಗಳ ನವೀಕರಣ 1978ರಿಂದೀಚೆಗೆ ಬೀಳುವುದರಿಂದ ಅಮೆರಿಕದ ಕಾಪಿರೈಟ್ ಕಚೇರಿಯ ಆನ್‌ಲೈನ್ ಪಟ್ಟಿಯಲ್ಲೇ ಹುಡುಕಬಹುದು. ಅದಕ್ಕೂ ಹಿಂದಿನವಕ್ಕೆ ಆ ಕಚೇರಿ ವರ್ಷ ವರ್ಷವೂ ಅಚ್ಚು ಹಾಕಿಸುತ್ತಿದ್ದ ಸಂಪುಟಗಳ ಸ್ಕ್ಯಾನ್ ಪ್ರತಿ ತಿರುವಿಹಾಕಬೇಕು.

ಹಾಡು ಇನ್ನೂ ಕಾಪಿರೈಟ್‌ನಲ್ಲಿದ್ದರೆ ಪರವಾನಗಿ ಎರಡು ಬಗೆ. ಕಛೇರಿಯಲ್ಲಿ ಬಿಡಿಹಾಡಾಗಿ ಹಾಡುವುದಕ್ಕೆ ಅಮೆರಿಕದಲ್ಲಿ ಆಸ್ಕ್ಯಾಪ್, ಬಿಎಂಐ, ಭಾರತದಲ್ಲಿ ಐಪಿಆರ್‌ಎಸ್ ಮುಂತಾದ ಸಂಸ್ಥೆಗಳು ಒಟ್ಟಾರೆ ಪರವಾನಗಿ ಕೊಡುತ್ತವೆ. ವೇಷ, ರಂಗಸಜ್ಜಿಕೆ, ಸಂಭಾಷಣೆಯೊಂದಿಗೆ ನಾಟಕವಾಗಿ ಆಡಿಸಲು ಆ ಪರವಾನಗಿ ಸಾಲದು. ಅದಕ್ಕೆ ‘ಗ್ರ್ಯಾಂಡ್ ರೈಟ್ಸ್’ ಎಂಬ ಬೇರೆ ಅನುಮತಿಯನ್ನು ನಾಟಕದ ಹಕ್ಕುದಾರರಿಂದ ನೇರವಾಗಿ ಪಡೆಯಬೇಕು. ಸಭಾಂಗಣದವರು ಪರವಾನಗಿ ಕಟ್ಟಿದ್ದಾರೆ ಎಂದು ನಾಟಕ ಆಡಿಸಿ ತೊಂದರೆಗೆ ಸಿಲುಕುವುದು ಈ ವ್ಯತ್ಯಾಸ ತಿಳಿಯದೆ.

ಯೂಟ್ಯೂಬಿನಲ್ಲಿ ಕ್ಲೇಮ್ ಬಂದರೆ

ಮುಕ್ತ ಹಾಡನ್ನು ನೀವೇ ನುಡಿಸಿ ಹಾಕಿದರೂ ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ವ್ಯವಸ್ಥೆ ಯಾರದೋ ಪರವಾಗಿ ಕ್ಲೇಮ್, ಅಂದರೆ ‘ಇದರ ಹಕ್ಕು ನಮ್ಮದು’ ಎಂಬ ದಾವೆ, ಹಾಕಬಹುದು. ಅದು ಧ್ವನಿಯನ್ನು ಹೋಲಿಸುತ್ತದೆಯೇ ಹೊರತು ಕಾಪಿರೈಟ್ ಮುಗಿದಿದೆಯೇ ಎಂದು ನೋಡುವುದಿಲ್ಲ. ಕ್ಲೇಮ್‌ನ ವಿವರ ತೆರೆದು, ಅದು ಹಾಡಿನ ರಚನೆಯ ಮೇಲೋ ಧ್ವನಿಮುದ್ರಣದ ಮೇಲೋ ಎಂದು ಮೊದಲು ಓದಿ. ರಚನೆಯ ಮೇಲಾದರೆ ಸಾರ್ವಜನಿಕ ಸ್ವತ್ತು ಎಂಬ ಕಾರಣ ಆರಿಸಿ ತಕರಾರು ಸಲ್ಲಿಸಿ. ಬರೆಯಬೇಕಾದದ್ದು ನಾಲ್ಕೇ ಸಾಲು. ಹಾಡಿನ ಹೆಸರು, ಸ್ವರಲಿಪಿಯ ಪ್ರಕಟಣೆಯ ವರ್ಷ ಮತ್ತು ಪ್ರಕಾಶಕರು, ಅಮೆರಿಕದಲ್ಲಿ ಮುಕ್ತವಾದ ದಿನಾಂಕ, ನುಡಿಸಿದ್ದು ಹಾಡಿದ್ದು ಮುದ್ರಿಸಿದ್ದು ನೀವೇ ಎಂಬ ಮಾತು. ಕ್ಲೇಮ್ ಹಾಕಿದವರಿಗೆ ಉತ್ತರಿಸಲು 30 ದಿನ. ಉತ್ತರಿಸದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಧ್ವನಿಮುದ್ರಣದ ಮೇಲಿನ ಕ್ಲೇಮ್ ಆಗಿದ್ದು, ನೀವು ಬಳಸಿದ್ದು ಬೇರೆಯವರ ಟ್ರ್ಯಾಕ್ ಆಗಿದ್ದರೆ ತಕರಾರು ನಿಲ್ಲುವುದಿಲ್ಲ.

ಹಕ್ಕು ನಮ್ಮದು ಎಂದವರ ಮಾತು ಎಲ್ಲ ಸಲವೂ ನಿಜವಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ‘ಹ್ಯಾಪಿ ಬರ್ತ್‌ಡೇ’. ಅದರ ಮಟ್ಟು 1893ರಲ್ಲಿ ಅಚ್ಚಾದ ಮಕ್ಕಳ ಹಾಡೊಂದರದ್ದು. ಆದರೂ ದಶಕಗಳ ಕಾಲ ಸಿನಿಮಾದವರು, ನಾಟಕದವರು ಅದಕ್ಕೆ ಹಣ ಕಟ್ಟಿದರು. 2015ರಲ್ಲಿ ಅಮೆರಿಕದ ನ್ಯಾಯಾಲಯ, ಹಣ ವಸೂಲಿ ಮಾಡುತ್ತಿದ್ದ ಪ್ರಕಾಶನ ಸಂಸ್ಥೆಗೆ ಆ ಪದಗಳ ಮೇಲೆ ಸಿಂಧುವಾದ ಕಾಪಿರೈಟ್ ಇಲ್ಲ ಎಂದಿತು. ಮರುವರ್ಷ 1.4 ಕೋಟಿ ಡಾಲರ್‌ಗಳ ರಾಜಿಯೊಂದಿಗೆ ವ್ಯಾಜ್ಯ ಮುಗಿಯಿತು. ಅಲ್ಲಿಯೂ ತೀರ್ಪಿಗೆ ದಾರಿ ಮಾಡಿದ್ದು ಹಳೆಯ ಅಚ್ಚುಪ್ರತಿಗಳು, ಅವುಗಳ ಮೇಲಿದ್ದ ಇಸವಿಗಳು.

ಮುಂದೆ ಬರಲಿರುವವು

ಅಮೆರಿಕದಲ್ಲಿ 2027ರ ಜನವರಿ 1ಕ್ಕೆ 1931ರ ಸರದಿ. ‘ದ ಬ್ಯಾಂಡ್ ವ್ಯಾಗನ್’ ನಾಟಕದ ‘ಡಾನ್ಸಿಂಗ್ ಇನ್ ದ ಡಾರ್ಕ್’ ಆ ವರ್ಷದ್ದು. 2031ಕ್ಕೆ 1935ರ ‘ಪೋರ್ಗಿ ಅಂಡ್ ಬೆಸ್’ ಆಪೆರಾದ ‘ಸಮರ್‌ಟೈಮ್’ ಬರುತ್ತದೆ. 2039ಕ್ಕೆ 1943ರ ‘ಓಕ್ಲಹೋಮ’. ‘ಡೊ ರೆ ಮಿ’ಗೆ ಅಲ್ಲಿ 2055. ಅಷ್ಟರಲ್ಲಿ ಭಾರತದಲ್ಲಿ ಅದು ಮುಕ್ತವಾಗಿ 15 ವರ್ಷ ಕಳೆದಿರುತ್ತದೆ.